ಮುಚ್ಚಳದ ಮೇಲಿನ ಕೆಂಡ

ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ರೊಟ್ಟಿ ಸುಡುವುದನ್ನೂ ಹಣ್ಣಿನ ಪಾಕ ಕಾಯಿಸುವುದನ್ನೂ ಕುರಿತು ಭಾಷಣಕ್ಕೆ ನಿಂತರೆ ಕೇಳುವವರಿಗೆ ನಗು ಬರುವುದು ಸಹಜ. ನನ್ನ ಮನೆಯಲ್ಲಿಯೂ ಅದೇ ಆಯಿತು. ಆದರೆ ಈ ವಿಷಯವನ್ನು ನಾನು ಆರಿಸಿಕೊಂಡದ್ದು ನಾಲಗೆಯ ಚಾಪಲ್ಯದಿಂದಲ್ಲ. ಬಹಳ ವರ್ಷಗಳ ಹಿಂದೆ ತರಗತಿಯಲ್ಲಿ ಒಂದು ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟಿದ್ದೆ. ಅದನ್ನು ತಿದ್ದಿಕೊಳ್ಳುವುದಕ್ಕೆ ನನಗೆ ದೊರೆತ ದಾರಿ ಅಡುಗೆಮನೆಯ ಮೂಲಕವೇ ಹಾದುಹೋಗಿತ್ತು.

ಅಂದು ಸಾಹಿತ್ಯ ಚರಿತ್ರೆಯ ಪಾಠ ನಡೆದಿತ್ತು. ಹದಿನಾರನೆಯ ಶತಮಾನದ ಆರಂಭದ ಕವಿ ಮೂರನೆಯ ಮಂಗರಸನ ವಿಷಯ ಬಂದಿತ್ತು. ಈತ ಪಾಕಶಾಸ್ತ್ರವನ್ನು ವಾರ್ಧಕ ಷಟ್ಪದಿಯಲ್ಲಿ ಹಾಡಿದವನು. ಗ್ರಂಥದ ಹೆಸರು ‘ಸೂಪಶಾಸ್ತ್ರ’. ಅದರಲ್ಲಿ ಹಿಟ್ಟಿನ ಪದಾರ್ಥಗಳಿಗೆಂದೇ ಒಂದು ಅಧ್ಯಾಯ ಮೀಸಲಾಗಿದೆ. ಅಲ್ಲಿ ಬರುವ ಒಂದು ಬಗೆಯ ಹೆಸರು ‘ಮುಚ್ಚಳ ರೊಟ್ಟಿ’. ಗೋದಿಯ ಕಣಕವನ್ನು ಕಾವಲಿಯ ಮೇಲಿಟ್ಟು, ಇನ್ನೊಂದು ತಟ್ಟೆಯನ್ನು ಮುಚ್ಚಿ, ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುವುದು ಅದರ ಕ್ರಮ. ಇಷ್ಟನ್ನು ಹೇಳಿ ಮುಂದಿನ ಕವಿಗೆ ಹೋಗುವವನಿದ್ದೆ. ಹುಡುಗನೊಬ್ಬ ಎದ್ದು, “ಮೇಲೆ ಕೆಂಡ ಯಾಕೆ ಸರ್?” ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಆಗ ಇರಲಿಲ್ಲ. “ರೊಟ್ಟಿ ಆರದಿರಲೆಂದು” ಎಂದುಬಿಟ್ಟೆ. ಹಿಂದಿನ ಬೆಂಚಿನಲ್ಲಿದ್ದ ಜೋಯಿಡಾ ಕಡೆಯ ಹುಡುಗಿಯೊಬ್ಬಳು ಮೆಲ್ಲನೆ, “ಅದಕ್ಕಲ್ಲ ಸರ್, ನಮ್ಮ ಮನೆಯಲ್ಲಿ ಈಗಲೂ ಹಾಗೆಯೇ ಮಾಡ್ತಾರೆ” ಎಂದಳು. ತರಗತಿ ನಕ್ಕಿತು. ನಾನು, “ಮನೆಯ ಮಾತು ಮನೆಯಲ್ಲಿರಲಿ, ಇದು ಸಾಹಿತ್ಯದ ತರಗತಿ” ಎಂದೆ. ಆಕೆ ಕುಳಿತುಕೊಂಡಳು. ಆ ವರ್ಷವೆಲ್ಲ ಆಕೆ ತರಗತಿಯಲ್ಲಿ ಮತ್ತೆ ಬಾಯಿ ಬಿಡಲಿಲ್ಲ. ಅದನ್ನು ಆಗ ನಾನು ಗಮನಿಸಿರಲೂ ಇಲ್ಲ, ಈಗ ನೆನಪಾಗುತ್ತದೆ.

ನಿವೃತ್ತನಾದ ಮೇಲೆ ದಾಂಡೇಲಿಯಲ್ಲಿ ನೆಲೆಸಿದೆ. ಒಂದು ಶ್ರಾವಣದಲ್ಲಿ ಪರಿಚಿತರೊಬ್ಬರ ಜೊತೆಗೆ ಜೋಯಿಡಾದ ಒಳಗಿನ ಒಂದು ಹಳ್ಳಿಗೆ ಹೋಗಿದ್ದೆ. ಕಾಳಿಯ ಸೀಮೆಯಲ್ಲಿ ಮಳೆ ಎಂದರೆ ಮಳೆ. ಮನೆಯ ಅಜ್ಜಿ ಒಲೆಯ ಮುಂದಿದ್ದರು. ಬಲಿತು ಹಳದಿಯಾದ ದೊಡ್ಡ ಸೌತೆಕಾಯಿಯನ್ನು ತುರಿದು, ಅಕ್ಕಿಯ ರವೆ, ಬೆಲ್ಲ, ಕಾಯಿತುರಿ, ಒಂದು ಚಿಟಿಕೆ ಉಪ್ಪು ಸೇರಿಸಿ ಕಲಸಿ, ದಪ್ಪ ತಳದ ಪಾತ್ರೆಗೆ ಸುರಿದಿದ್ದರು. ಕೊಂಕಣಿಯಲ್ಲಿ ಇದಕ್ಕೆ ತವಸಳಿ ಎನ್ನುತ್ತಾರೆ. ಪಾತ್ರೆಗೆ ತಟ್ಟೆ ಮುಚ್ಚಿ, ಒಲೆಯಿಂದ ಕೆಂಡ ತೆಗೆದು ಆ ತಟ್ಟೆಯ ಮೇಲೆ ಹರಡಿದರು. ನನ್ನ ಎದೆ ಒಮ್ಮೆ ಜಗ್ಗಿದಂತಾಯಿತು. ಹುಡುಗ ಕೇಳಿದ್ದ ಪ್ರಶ್ನೆಯನ್ನೇ ನಾನು ಕೇಳಿದೆ. ಅಜ್ಜಿ ತಮ್ಮ ತುಂಡು ಕನ್ನಡದಲ್ಲಿ, “ಕೆಳಗೆ ಮಾತ್ರ ಬೆಂಕಿ ಇಟ್ಟರೆ ಅಡಿ ಕರಟುತ್ತದೆ ಮಾಸ್ತರ, ಮುಖ ಹಸಿ ಉಳಿಯುತ್ತದೆ” ಎಂದರು. ಅಷ್ಟೇ. ತೆಳ್ಳಗಿನ ರೊಟ್ಟಿಯನ್ನು ಮಗುಚಿ ಹಾಕಬಹುದು, ದಪ್ಪನೆಯದನ್ನು ಮಗುಚಲಾಗದು. ಆದ್ದರಿಂದ ಪದಾರ್ಥವನ್ನು ತಿರುಗಿಸುವ ಬದಲು ಬೆಂಕಿಯನ್ನೇ ಮೇಲಕ್ಕೆ ತಂದರು. ಕೇಕು, ಬ್ರೆಡ್ಡು ಎಂದು ನಾವು ಕರೆಯುವುದೆಲ್ಲದರ ಮೂಲತತ್ತ್ವ ಇದೊಂದೇ. ಇಂದಿನ ವಿದ್ಯುತ್ ಒಲೆಯಲ್ಲಿ ಮೇಲೊಂದು ಕೆಳಗೊಂದು ಕಾಯುವ ಸರಳು ಇರುವುದೂ ಇದಕ್ಕಾಗಿಯೇ. ಮಂಗರಸನ ಮುಚ್ಚಳಕ್ಕೂ ಆ ಪೆಟ್ಟಿಗೆಗೂ ತತ್ತ್ವದಲ್ಲಿ ಭೇದವಿಲ್ಲ.

ಅಂದಿನಿಂದ ನಾನು ಈ ವಿದ್ಯೆಯ ಬೆನ್ನು ಹತ್ತಿದೆ. ಮನೆಯಲ್ಲಿ ಅದಕ್ಕೆ ಅನುಕೂಲವೂ ಒದಗಿ ಬಂತು. ಅನುಕೂಲವೆನ್ನಲು ಮನಸ್ಸು ಬಾರದು. ನನ್ನ ಹೆಂಡತಿಯ ಮಣಿಕಟ್ಟಿನ ಗಂಟುಗಳು ನೋಯತೊಡಗಿ, ಸೌಟು ತಿರುವುವುದು ಆಕೆಗೆ ಆಗದಾಯಿತು. ಆಕೆ ಕುರ್ಚಿಯಲ್ಲಿ ಕುಳಿತು ಹೇಳುವುದು, ನಾನು ಒಲೆಯ ಮುಂದೆ ನಿಂತು ಮಾಡುವುದು ಎಂದು ಗೊತ್ತುಮಾಡಿಕೊಂಡೆವು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಒಲೆಯ ಉಣಿಸನ್ನು ಉಂಡು, ಅದರ ಒಂದು ಅಕ್ಷರವನ್ನೂ ಕಲಿಯದೆ ಇದ್ದೆನಲ್ಲ ಎಂಬ ನಾಚಿಕೆ ಆಗ ಉಂಟಾಯಿತು.

ಮೊದಲು ಕಲಿತದ್ದು ಹಣ್ಣಿನ ಪಾಕ, ಅಂದರೆ ಜಾಮು. ಈ ಸೀಮೆಯಲ್ಲಿ ಅದಕ್ಕೆ ತಕ್ಕ ಕಾರಣವೂ ಇದೆ. ಜೋಯಿಡಾದ ಕಾಡಂಚಿನಲ್ಲಿ ಹಲಸು, ಮುರುಗಲು, ಕವಳಿ, ನೇರಳೆ. ಮುಂಡಗೋಡದ ಕಡೆ ಮಾವು. ಅಲ್ಲಿಂದ ಆಚೆಗೆ ಬನವಾಸಿಯ ಅನಾನಸು. ಪಂಪ ಅಷ್ಟೊಂದು ಹಂಬಲಿಸಿದ ಬನವಾಸಿ ಇಂದು ಅನಾನಸಿಗೆ ಹೆಸರಾಗಿದೆ. ಆದರೆ ಪಂಪನಿಗೆ ಆ ಹಣ್ಣು ಗೊತ್ತಿರಲಿಲ್ಲ. ಅದು ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗುಗಳಲ್ಲಿ ಹದಿನಾರನೆಯ ಶತಮಾನದಲ್ಲಿ ಬಂದದ್ದು. ಪೇರಲವೂ ಪಪ್ಪಾಯಿಯೂ ಹಾಗೆ ಅಲ್ಲಿಂದ ಬಂದವುಗಳೇ. ನಾವು ತಿನ್ನುವ ಪಾವ್ ಕೂಡ ಪೋರ್ಚುಗೀಸರ ಮಾತು. ಗೋವೆಯ ಗಡಿ ದಾಟಿ ನಮ್ಮ ಪೇಟೆಗಳಿಗೆ ಬಂದಿತು. ಅತ್ತ, ಪ್ರಪಂಚದ ಅನೇಕ ಭಾಷೆಗಳಲ್ಲಿ ಸಕ್ಕರೆಗೆ ಇರುವ ಹೆಸರು ನಮ್ಮ ‘ಶರ್ಕರಾ’ ಶಬ್ದದಿಂದಲೇ ಹುಟ್ಟಿದ್ದು. ಆದಕಾರಣ ಜಾಮು ಪರದೇಶದ ಷೋಕಿ ಎಂದು ಮೂಗು ಮುರಿಯುವವರು ಒಂದು ಕ್ಷಣ ಯೋಚಿಸಬೇಕು. ಹಣ್ಣು ಅಲ್ಲಿಯದು, ಸಕ್ಕರೆ ಇಲ್ಲಿಯದು. ಎರಡೂ ಒಂದೇ ಪಾತ್ರೆಯಲ್ಲಿ ಕೂಡಿದವು.

ಈ ಹಣ್ಣುಗಳಿಗೆಲ್ಲ ಒಂದೇ ಶತ್ರು, ಮಳೆ. ಮುರುಗಲು ಹಣ್ಣಾಗುವುದು ಬೇಸಿಗೆಯ ಕೊನೆಗೆ. ಅದರ ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಬೇಕು. ಅಷ್ಟರಲ್ಲಿ ಮೋಡ ಕವಿಯುತ್ತದೆ. ಹಲಸು ಮರದ ಬುಡದಲ್ಲಿ ಬಿದ್ದು ಕೊಳೆಯುತ್ತದೆ. ಬಿಸಿಲಿದ್ದಾಗ ನಮ್ಮ ಹೆಣ್ಣುಮಕ್ಕಳು ಮಾವಿನ ರಸವನ್ನು ಚಾಪೆಯ ಮೇಲೆ ಹಚ್ಚಿ ಪದರ ಪದರವಾಗಿ ಒಣಗಿಸಿದರು, ಹಲಸಿನ ಹಪ್ಪಳ ಮಾಡಿದರು. ಬಿಸಿಲಿಲ್ಲದಾಗ ಏನು ಗತಿ? ಆಗ ಉಪ್ಪು, ಇಲ್ಲವೆ ಸಕ್ಕರೆ. ಮಾವಿನ ಮಿಡಿಯನ್ನು ಉಪ್ಪು ಕಾಯುತ್ತದೆ. ಮುರುಗಲ ಸಿಪ್ಪೆಯ ನಡುವೆ ಸಕ್ಕರೆ ಹರಡಿಟ್ಟರೆ ಅದು ರಸ ಬಿಟ್ಟುಕೊಂಡು ಪಾನಕಕ್ಕೆ ಒದಗುತ್ತದೆ. ಆಹಾರ ಕೆಡುವುದೆಂದರೆ ಕಣ್ಣಿಗೆ ಕಾಣದ ಜೀವಿಗಳು ಅದರಲ್ಲಿ ಬೆಳೆಯುವುದು. ಅವಕ್ಕೂ ನೀರು ಬೇಕು. ಬಿಸಿಲು ನೀರನ್ನು ಹೀರುತ್ತದೆ. ಸಕ್ಕರೆ ನೀರನ್ನು ತನ್ನಲ್ಲಿಯೇ ಹಿಡಿದಿಟ್ಟುಕೊಂಡು ಅವಕ್ಕೆ ಸಿಗಗೊಡದು. ಮಳೆಯ ಸೀಮೆಯಲ್ಲಿ ಸಕ್ಕರೆ ಎಂದರೆ ಡಬ್ಬಿಯಲ್ಲಿ ತುಂಬಿಟ್ಟ ಬಿಸಿಲು ಎಂದು ನಾನು ಹೆಂಡತಿಗೆ ಹೇಳಿದೆ. “ಮಾತು ಸಾಕು, ಪೇರಲ ಹೆಚ್ಚರಿ” ಎಂದಳು.

ನನ್ನ ಮೊದಲ ಜಾಮು ಹಾಳಾದದ್ದೂ ಈ ಮಾತನ್ನು ಮರೆತದ್ದರಿಂದಲೇ. ಆರೋಗ್ಯದ ಚಿಂತೆಯಿಂದ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿದೆ. ಎರಡು ವಾರದಲ್ಲಿ ಶೀಸೆಯ ಬಾಯಿಯಲ್ಲಿ ಬೂದಿ ಬಣ್ಣದ ಬೂಷ್ಟು ಎದ್ದಿತ್ತು. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಜಾಮಿನಲ್ಲಿ ನೂರಕ್ಕೆ 45 ಭಾಗಕ್ಕೆ ಕಡಿಮೆಯಾಗದಂತೆ ಹಣ್ಣಿರಬೇಕು. ಕರಗಿದ ಘನಾಂಶ ನೂರಕ್ಕೆ 65ಕ್ಕಿಂತ ಕಡಿಮೆ ಇರಕೂಡದು. ಈ ಅರವತ್ತೈದು ನಾಲಗೆಗಾಗಿ ಹುಟ್ಟಿದ ಸಂಖ್ಯೆಯಲ್ಲ. ಕೆಡದೆ ಉಳಿಯುವುದಕ್ಕಾಗಿ ಬಂದದ್ದು. ಸಕ್ಕರೆ ಬೇಡವೆನ್ನುವವರು ಜಾಮನ್ನು ಕಡಿಮೆ ತಿನ್ನಬೇಕೇ ಹೊರತು, ಜಾಮಿನ ಸಕ್ಕರೆಯನ್ನು ಕಡಿಮೆ ಮಾಡಿ ತಿಂಗಳುಗಟ್ಟಲೆ ಇಡಬಾರದು. ಹಾಗೆ ಮಾಡಿದ್ದನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಕೆಲವೇ ದಿನಗಳಲ್ಲಿ ಮುಗಿಸಬೇಕು.

ಎರಡನೆಯ ಸಲ ಅನಾನಸು ಗಟ್ಟಿಯಾಗಲೇ ಇಲ್ಲ. ಗಟ್ಟಿಯಾಗಲೆಂದು ಕಾಯಿಸಿದಷ್ಟೂ ಕಂದಾಯಿತು. ಆರಿದ ಮೇಲೆ ಚಮಚ ಮುರಿಯುವಷ್ಟು ಬಿರುಸಾಯಿತು. ಇಲ್ಲಿ ನನಗೆ ತಿಳಿಯದೆ ಇದ್ದದ್ದು ಪೆಕ್ಟಿನ್ ಎಂಬ ವಸ್ತು. ಹಣ್ಣಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ಸರಿ ಅದು. 1825ರಲ್ಲಿ ಫ್ರಾನ್ಸಿನ ಆನ್ರಿ ಬ್ರಾಕನೋ ಎಂಬ ವಿಜ್ಞಾನಿ ಇದನ್ನು ಗುರುತಿಸಿ, ಹೆಪ್ಪುಗಟ್ಟುವುದೆಂಬ ಅರ್ಥದ ಗ್ರೀಕ್ ಮಾತಿನಿಂದ ಹೆಸರಿಟ್ಟ. ಈ ಸರಿ, ಹುಳಿ, ಸಕ್ಕರೆ ಮೂರೂ ತಕ್ಕ ಪ್ರಮಾಣದಲ್ಲಿ ಕೂಡಿದಾಗ ಮಾತ್ರ ಪಾಕ ಹೆಪ್ಪುಗೊಳ್ಳುತ್ತದೆ. ದೋರೆಗಾಯಿಯಲ್ಲಿ ಪೆಕ್ಟಿನ್ ಹೆಚ್ಚು. ತೀರ ಕಳಿತ ಹಣ್ಣಿನಲ್ಲಿ ಕಡಿಮೆ. ಪೇರಲ, ಕವಳಿ, ನಿಂಬೆಯ ಸಿಪ್ಪೆ, ಹಲಸಿನ ತೊಳೆಯ ಸುತ್ತಲಿನ ನಾರು, ಇವುಗಳಲ್ಲಿ ಧಾರಾಳ. ಅನಾನಸಿನಲ್ಲಿ ಬಹಳ ಅಲ್ಪ. ಆದ್ದರಿಂದ ಬಡವನಿಗೆ ನೆರೆಯವನು ಒದಗುವಂತೆ ಅನಾನಸಿಗೆ ಪೇರಲ ಒದಗಬೇಕು.

ಈಗ ನಮ್ಮ ಮನೆಯಲ್ಲಿ ನಿಂತಿರುವ ಕ್ರಮ ಇದು. ಸಿಪ್ಪೆ, ಕಣ್ಣು, ನಡುವಿನ ದಿಂಡು ತೆಗೆದು ಸಣ್ಣಗೆ ಹೆಚ್ಚಿದ ಅನಾನಸು 1 ಕಿಲೋ, ಸಕ್ಕರೆ 750 ಗ್ರಾಂ, ನಿಂಬೆಹಣ್ಣು 2, ದೋರೆ ಪೇರಲ 2. ಪೇರಲವನ್ನು ಹೆಚ್ಚಿ ಎರಡು ಲೋಟ ನೀರಿನಲ್ಲಿ ಅರ್ಧ ಗಂಟೆ ಬೇಯಿಸಿ, ಹಿಂಡದೆ, ತೆಳುಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಆ ನೀರಿನಲ್ಲಿ ಅನಾನಸನ್ನು ಮೆತ್ತಗಾಗುವವರೆಗೆ ಬೇಯಿಸಿ ಆಮೇಲೆ ಸಕ್ಕರೆ ಹಾಕಬೇಕು. ಮೊದಲೇ ಹಾಕಿದರೆ ಹಣ್ಣಿನ ಹೋಳು ಬಿಗಿದುಕೊಂಡು ಬೇಯದು. ಸಕ್ಕರೆ ಸಣ್ಣ ಉರಿಯಲ್ಲಿ ಪೂರ್ತಿ ಕರಗಿದ ಮೇಲೆ ನಿಂಬೆಯ ರಸ ಹಿಂಡಿ, ಉರಿ ದೊಡ್ಡದು ಮಾಡಿ, ತಳ ಹಿಡಿಯದಂತೆ ತಿರುವುತ್ತಿರಬೇಕು. ಪಾತ್ರೆ ಅಗಲವಾಗಿರಲಿ; ನೀರು ಬೇಗ ಆವಿಯಾದಷ್ಟೂ ಬಣ್ಣ, ಪರಿಮಳ ಉಳಿಯುತ್ತವೆ. ಉಷ್ಣಮಾಪಕ ಇದ್ದವರಿಗೆ ಲೆಕ್ಕ ಸುಲಭ: ಬರಿಯ ನೀರು ಕುದಿಯುವ ಮಟ್ಟಕ್ಕಿಂತ ನಾಲ್ಕೈದು ಡಿಗ್ರಿ ಸೆಲ್ಸಿಯಸ್ ಮೇಲೆ ಏರಿದಾಗ ಜಾಮು ಆಯಿತು. ತಕ್ಕಡಿ ಇದ್ದವರು ಬರಿಯ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಳ್ಳಬೇಕು. ಮೇಲೆ ಹೇಳಿದ ಅಳತೆಗೆ ಕೊನೆಯಲ್ಲಿ ಸುಮಾರು 1,300 ಗ್ರಾಂ ಉಳಿದರೆ ಸರಿ. ಎರಡೂ ಇಲ್ಲದವರು ತಣ್ಣಗಿನ ತಟ್ಟೆಯ ಮೇಲೆ ಒಂದು ತೊಟ್ಟು ಬಿಟ್ಟು, ಆರಿದ ಮೇಲೆ ಬೆರಳಿನಿಂದ ತಳ್ಳಿ ನೋಡಬೇಕು. ಮೇಲೆ ಕೆನೆಯಂತೆ ಸುಕ್ಕು ಕಟ್ಟಬೇಕು. ಶೀಸೆಗಳನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟು, ತೆಗೆದು ಪೂರ್ತಿ ಒಣಗಿಸಿ, ಬಿಸಿ ಇರುವಾಗಲೇ ಬಿಸಿ ಜಾಮು ತುಂಬಿ ಮುಚ್ಚಬೇಕು.

ಆದರೆ ನನ್ನ ಹೆಂಡತಿಗೆ ಮಾಪಕವೂ ಬೇಡ, ತಕ್ಕಡಿಯೂ ಬೇಡ. “ಆಯಿತೇನು?” ಎಂದು ನಾನು ಕೇಳಿದರೆ, “ನನ್ನೇನು ಕೇಳ್ತೀರಿ, ಸೌಟು ಎತ್ತಿ ನೋಡ್ರಿ” ಎನ್ನುತ್ತಾಳೆ. ಪಾಕ ಸೌಟಿನಿಂದ ಹನಿಹನಿಯಾಗಿ ಬಿದ್ದರೆ ಇನ್ನೂ ಆಗಿಲ್ಲ. ಎರಡು ಹನಿ ಅಂಚಿನಲ್ಲಿ ಕೂಡಿಕೊಂಡು ಹಾಳೆಯಂತೆ ಜಾರಿ ಬಿದ್ದರೆ ಆಯಿತು. ಇದಕ್ಕೆ ಕನ್ನಡದಲ್ಲಿ ‘ಹದ’ ಎಂಬ ಒಂದು ಮಾತಿದೆ. ಬಿತ್ತನೆಗೆ ನೆಲದ ಹದ, ಮಡಕೆಗೆ ಮಣ್ಣಿನ ಹದ, ಕಮ್ಮಾರನಿಗೆ ಕಬ್ಬಿಣದ ಹದ, ಹಳಿಯಾಳದ ಕಬ್ಬಿನ ಗದ್ದೆಗಳ ನಡುವೆ ಗಾಣ ಹಾಕಿದವನಿಗೆ ಬೆಲ್ಲದ ಹದ. ಈ ಶಬ್ದಕ್ಕೆ ಪಕ್ವತೆ, ಸಮಸ್ಥಿತಿ ಎಂದು ನಾನು ಅರ್ಥ ಬರೆಸುತ್ತಿದ್ದೆ. ಈಗ ಅನ್ನಿಸುವುದು ಬೇರೆ. ಹದವೆಂದರೆ ಸ್ವಲ್ಪ ಹೊತ್ತು ಮಾತ್ರ ನಿಲ್ಲುವ ಸ್ಥಿತಿ. ಮುಂಚೆ ಇಲ್ಲ, ಆಮೇಲೂ ಇಲ್ಲ. ಅದು ಬಂದಾಗ ಗುರುತಿಸುವವರು ಒಲೆಯ ಬಳಿ ಇರಬೇಕು. ನಿಯಮ ಪುಸ್ತಕದ ಅರವತ್ತೈದೂ ಆಕೆಯ ಸೌಟಿನ ಹಾಳೆಯೂ ಹೇಳುವುದು ಒಂದೇ ಸತ್ಯವನ್ನು. ಮೈಸೂರಿನಲ್ಲಿ 1950ರಲ್ಲಿ ಸ್ಥಾಪನೆಯಾದ ಆಹಾರ ಸಂಶೋಧನಾಲಯದಂಥ ಸಂಸ್ಥೆ ಅದನ್ನು ಅಳೆದು ಹೇಳುತ್ತದೆ; ಈಕೆ ಕಂಡು ಹೇಳುತ್ತಾಳೆ. ಒಂದನ್ನು ಬಲ್ಲವರು ಇನ್ನೊಂದನ್ನು ಹೀಗಳೆಯಬೇಕಾಗಿಲ್ಲ.

ಬ್ರೆಡ್ಡಿನ ಹದವನ್ನು ಬೆರಳು ಹೇಳುತ್ತದೆ. ಅರ್ಧ ಕಿಲೋ ಮೈದಾ, ಒಂದೂವರೆ ಚಹದ ಚಮಚ ಒಣ ಯೀಸ್ಟು, ಅಷ್ಟೇ ಉಪ್ಪು, ಎರಡು ಚಮಚ ಸಕ್ಕರೆ, ಎರಡು ದೊಡ್ಡ ಚಮಚ ಎಣ್ಣೆ, ಸುಮಾರು 300 ಮಿಲಿಲೀಟರು ಉಗುರುಬೆಚ್ಚಗಿನ ನೀರು. ನೀರು ಸುಡಕೂಡದು, ಯೀಸ್ಟು ಜೀವವಿರುವ ವಸ್ತು, ಸತ್ತುಹೋಗುತ್ತದೆ. ಕಣಕವನ್ನು ಹನ್ನೆರಡು ನಿಮಿಷ ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ, ಎರಡರಷ್ಟು ಉಬ್ಬುವವರೆಗೆ ಬಿಡಬೇಕು. ಬೇಸಿಗೆಯಲ್ಲಿ ಒಂದು ಗಂಟೆ ಸಾಕು. ದಾಂಡೇಲಿಯ ಮಳೆಗಾಲದಲ್ಲಿ ಎರಡಾದರೂ ಅಚ್ಚರಿಯಿಲ್ಲ. ಇಡ್ಲಿಯ ಹಿಟ್ಟು ಹುದುಗುವುದನ್ನು ಕಂಡವರಿಗೆ ಇದು ಹೊಸದಲ್ಲ. ಮತ್ತೆ ಮೆಲ್ಲಗೆ ತಟ್ಟಿ, ಆಕಾರ ಕೊಟ್ಟು, ಎಣ್ಣೆ ಸವರಿದ ಪಾತ್ರೆಯಲ್ಲಿಟ್ಟು ಮುಕ್ಕಾಲು ಗಂಟೆ ಬಿಡಬೇಕು. ಬೆರಳಿನಿಂದ ಒತ್ತಿದ ಕುಳಿ ಕೂಡಲೆ ಪುಟಿದು ತುಂಬಿಕೊಂಡರೆ ಇನ್ನೂ ಕಾಯಬೇಕು. ನಿಧಾನವಾಗಿ ಅರ್ಧ ಏರಿ ನಿಂತರೆ ಹದ. ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಮರಳು ಹರಡಿ ಮೊದಲೇ ಕಾಯಿಸಿ, ಅದರೊಳಗೆ ಇದನ್ನಿಟ್ಟು, ಮುಚ್ಚಿ, ಮುಚ್ಚಳದ ಮೇಲೆ ಕೆಂಡ ಹರಡಿ 40 ನಿಮಿಷ ಬೇಯಿಸಬೇಕು. ಕೆಳಗಿನದಕ್ಕಿಂತ ಮೇಲಿನ ಕೆಂಡ ಹೆಚ್ಚಿರಲಿ. ಬೆಂದ ಬ್ರೆಡ್ಡನ್ನು ಬೋರಲು ಹಾಕಿ ತಟ್ಟಿದರೆ ಟೊಳ್ಳು ಸದ್ದು ಬರಬೇಕು.

ಇದೇ ಹದವನ್ನು ಮುಂಡಗೋಡದಲ್ಲಿಯೂ ಒಮ್ಮೆ ಕಂಡೆ. ಅಲ್ಲಿ 1966ರಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸಲಾಯಿತು. ಒಂದು ಮನೆಯಲ್ಲಿ ವೃದ್ಧೆಯೊಬ್ಬರು ‘ಬಾಲೇಪ್’ ಎಂಬ ದಪ್ಪ ರೊಟ್ಟಿಯನ್ನು ಕಬ್ಬಿಣದ ಬಾಣಲೆಯಲ್ಲಿಟ್ಟು ಮುಚ್ಚಿ ಬೇಯಿಸುತ್ತಿದ್ದರು. ನನ್ನ ಭಾಷೆ ಅವರಿಗೆ ಬಾರದು, ಅವರದು ನನಗೆ ಬಾರದು. ಅವರು ಕಣಕದ ಮೇಲೆ ಬೆರಳೊತ್ತಿ, ಕುಳಿ ಏರುವುದನ್ನು ನನಗೆ ತೋರಿಸಿ ನಕ್ಕರು. ಹಿಮಾಲಯದ ಆಚೆ ಬಾರ್ಲಿ ಬೆಳೆದವರು ಇಲ್ಲಿ ಗೋವಿನಜೋಳ, ಬತ್ತ ಬೆಳೆದರು. ನೆಲ ಬೇರೆ, ನೀರು ಬೇರೆ, ಹಿಟ್ಟು ಬೇರೆ. ಬೆರಳು ಮಾತ್ರ ಅದೇ. ಊರು ಬಿಟ್ಟು ಬಂದವರು ಹೊತ್ತು ತರಬಲ್ಲ ಆಸ್ತಿಗಳಲ್ಲಿ ಹಗುರವಾದದ್ದು ಇದು. ಸೂಪಾ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಾಗ ಹಳೆಯ ಸೂಪಾ ಮುಳುಗಿತು. ಅಂಗಳದ ಹಲಸನ್ನೂ ಮುರುಗಲನ್ನೂ ಯಾರೂ ಕಿತ್ತು ತರಲಾರರು. ಅವುಗಳ ಪಾಕದ ಹದವನ್ನು ತಂದವರು ಉಂಟು.

ಆದರೆ ಇಂಥ ಆಸ್ತಿಗೆ ಒಂದು ಕೇಡೂ ಇದೆ. ಕೇಳುವವರಿಲ್ಲದಿದ್ದರೆ ಅದು ಒಂದೇ ತಲೆಮಾರಿನಲ್ಲಿ ಮುಗಿದುಹೋಗುತ್ತದೆ. ಜೋಯಿಡಾದ ಕುಣಬಿ ಜನ ಉಳಿಸಿಕೊಂಡು ಬಂದ ಗೆಡ್ಡೆಗೆಣಸುಗಳಿಗೆ ಈಗ ಮೇಳ ನಡೆಯುತ್ತದೆ, ಪೇಟೆಯವರು ಬಂದು ಕೊಳ್ಳುತ್ತಾರೆ, ಸಂತೋಷದ ಸಂಗತಿ. ಹಣ್ಣುಗಳಿಗೂ ಅಂಥ ದಿನ ಬರಬೇಕು. ಮರದ ಬುಡದಲ್ಲಿ ಹಣ್ಣು ಕೊಳೆಯುತ್ತಿರುವಾಗಲೇ ಅದೇ ಹಳ್ಳಿಯ ಅಂಗಡಿಯಲ್ಲಿ ದೂರದ ಊರಿನ ಜಾಮಿನ ಶೀಸೆ ಮಾರುವುದನ್ನು ನಾನು ಕಂಡಿದ್ದೇನೆ. ಕೊಳ್ಳುವುದು ತಪ್ಪೆನ್ನುವುದಿಲ್ಲ. ಮನೆಯಲ್ಲಿ ಒಂದು ಅಗಲ ಪಾತ್ರೆ, ಎರಡು ಗಂಟೆಯ ಬಿಡುವು, ಹದ ಬಲ್ಲ ಒಬ್ಬ ಹಿರಿಯಳು ಇದ್ದೂ ನಾವು ಆಕೆಯನ್ನು ಕೇಳುವುದಿಲ್ಲವಲ್ಲ, ಅದು ತಪ್ಪು. ಆ ತಪ್ಪನ್ನು ಮೊದಲು ಮಾಡಿದವನು ನಾನು. ಅದೂ ತರಗತಿಯಲ್ಲಿ, ಕೈಯಲ್ಲಿ ಪುಸ್ತಕ ಹಿಡಿದು.

ಮಂಗರಸ ಆ ರೊಟ್ಟಿಯನ್ನು ಯಾವುದೋ ಅಡುಗೆಮನೆಯಲ್ಲಿ ಕಂಡೇ ಪದ್ಯ ಕಟ್ಟಿರಬೇಕು. ನಾನು ಪದ್ಯವನ್ನು ಹಿಡಿದುಕೊಂಡು ಅಡುಗೆಮನೆಯ ಬಾಗಿಲು ಮುಚ್ಚಿದೆ. ಜೋಯಿಡಾ ಕಡೆಯ ಆ ವಿದ್ಯಾರ್ಥಿನಿ ಈಗ ಎಲ್ಲಿರುವಳೋ ತಿಳಿಯದು. ಆಕೆಗೂ ಈಗ ನರೆ ಬಂದಿರಬಹುದು. ಈ ಮಾತು ಆಕೆಯ ಕಿವಿಗೆ ಬಿದ್ದರೆ, ಅಂದಿನ ಉತ್ತರವನ್ನು ನಾನು ಹಿಂತೆಗೆದುಕೊಂಡಿದ್ದೇನೆಂದು ತಿಳಿಯಲಿ. ಮುಚ್ಚಳದ ಮೇಲೆ ಕೆಂಡವಿಡುವುದು ರೊಟ್ಟಿ ಆರದಿರಲೆಂದಲ್ಲ, ಅದರ ಮುಖವೂ ಬೇಯಲೆಂದು. ನೀನು ಹೇಳಿದ್ದೇ ಸರಿ, ತಾಯೀ.